ಮರುಭೂಮಿಗೆ ಚಳಿಗಾಳಿ ಬರುವ ಮುನ್ನ: ಫೀನಿಕ್ಸ್‌ನ ಅಕ್ಟೋಬರ್ ಹವೆ ತಿಳಿಯುವುದು ಹೇಗೆ?

ನಮ್ಮೂರಲ್ಲಿ ಅಕ್ಟೋಬರ್ ಅಂದರೆ ಚಿತ್ತೆ, ಸ್ವಾತಿ ಮಳೆ. ಮೋಡ ಕಪ್ಪಾದರೆ ಒಣಹಾಕಿದ ಬಟ್ಟೆ ಒಳಗೆ ತರುತ್ತೇವೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಬಂದ ಮೊದಲ ವರ್ಷ ನಾನೂ ಮೋಡವನ್ನೇ ನೋಡುತ್ತಿದ್ದೆ. ಮಳೆಯ ಸಾಧ್ಯತೆ ಸೊನ್ನೆ ಎಂದು ಫೋನ್ ತೋರಿಸಿತು. ದೀಪಾವಳಿ ಕೂಟಕ್ಕೆ ಪಾರ್ಕಿನಲ್ಲಿ ಶಾಮಿಯಾನ ಹಾಕಿದೆವು. ಮಧ್ಯಾಹ್ನ ಗಾಳಿ ಎದ್ದಿತು. ಶಾಮಿಯಾನ ಕಿತ್ತು ಮಕ್ಕಳ ಪಕ್ಕದಲ್ಲೇ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ಹೆದರಿಕೆ ಇನ್ನೂ ಹೋಗಿಲ್ಲ. ಹೊಸದಾಗಿ ಬರುವವರಿಗೆ ಇದನ್ನು ಮೊದಲೇ ಹೇಳಬೇಕು ಅನ್ನಿಸುತ್ತದೆ: ಇಲ್ಲಿ ಮೊದಲು ಗಾಳಿ ನೋಡಿ, ಮೋಡ ಆಮೇಲೆ.

ಆ ಗಾಳಿ ತಂದದ್ದು ಕೋಲ್ಡ್ ಫ್ರಂಟ್. ತಣ್ಣನೆಯ ಗಾಳಿ ಭಾರ, ಬಿಸಿ ಗಾಳಿ ಹಗುರ. ವಾಯವ್ಯದಿಂದ ಬರುವ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು, ಬೆಣೆಯ ಹಾಗೆ ಒಳನುಗ್ಗಿ, ಬಿಸಿ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಆ ಬೆಣೆಯ ತುದಿಯೇ ಫ್ರಂಟ್. ಹಾಗಾದರೆ ಮಳೆ ಯಾಕೆ ಬರುವುದಿಲ್ಲ? ಪೆಸಿಫಿಕ್ ಸಾಗರದ ತೇವವನ್ನು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳು ಮೊದಲೇ ಹಿಂಡಿಕೊಂಡಿರುತ್ತವೆ. ಪಶ್ಚಿಮ ಘಟ್ಟ ದಾಟಿ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಮೋಡ ಬಡವಾಗುತ್ತದೆ ಅಲ್ವಾ, ಹಾಗೇ. ಫೀನಿಕ್ಸ್‌ಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 180 ಮಿಲಿಮೀಟರ್ ಮಳೆ. ಕೆಲವು ಸಲ ಮೋಡದ ಕೆಳಗೆ ಬೂದು ಎಳೆಗಳು ಜೋತುಬಿದ್ದಿರುವುದು ಕಾಣುತ್ತದೆ. ಅದು ಮಳೆಯೇ. ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತದೆ.

ಹಿಂದಿನ ದಿನ: ನಕ್ಷೆ ನೋಡಿ

ಇಲ್ಲಿನ ಸರ್ಕಾರಿ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್‌ನ ನಕ್ಷೆಯಲ್ಲಿ ನೀಲಿ ಗೆರೆ, ಅದರ ಮೇಲೆ ನೀಲಿ ತ್ರಿಕೋನಗಳಿದ್ದರೆ ಅದು ಕೋಲ್ಡ್ ಫ್ರಂಟ್. ತ್ರಿಕೋನದ ಮೂತಿ ಯಾವ ಕಡೆಗಿದೆಯೋ ಫ್ರಂಟ್ ಆ ಕಡೆಗೆ ಸಾಗುತ್ತಿದೆ. ನಕ್ಷೆಯ ಸಮಯದ ಮುಂದೆ ‘ಝಡ್’ ಅಕ್ಷರ ಇದ್ದರೆ ಅದು ಜಾಗತಿಕ ಸಮಯ, 7 ಗಂಟೆ ಕಳೆಯಿರಿ. ಫೀನಿಕ್ಸ್‌ನಲ್ಲಿ ಗಡಿಯಾರ ಹಿಂದೆಮುಂದೆ ಮಾಡುವ ಪದ್ಧತಿ ಇಲ್ಲ, ಹಾಗಾಗಿ ವರ್ಷವಿಡೀ ಇದೇ ಲೆಕ್ಕ.

ನಾನು ಲಾಸ್ ವೇಗಸ್‌ನ ಗಾಳಿಯನ್ನೂ ನೋಡುತ್ತೇನೆ. ಅದು ನಮಗೆ ವಾಯವ್ಯದಲ್ಲಿದೆ. ಅಲ್ಲಿ ಗಾಳಿ ತಿರುಗಿ ತಂಪಾದರೆ, ಕೆಲವು ಗಂಟೆಗಳಲ್ಲಿ ಇಲ್ಲಿಗೂ ಬರಬಹುದು.

ಆ ದಿನ: ಗಾಳಿಯ ದಿಕ್ಕು, ಒತ್ತಡ

ಫ್ರಂಟ್ ಬರುವ ಮೊದಲು ಗಾಳಿ ನೈರುತ್ಯದಿಂದ ಬೀಸುತ್ತದೆ. ಅದು ಬೆಚ್ಚಗಿರುತ್ತದೆ, ಅಲ್ಲೇ ಮೋಸ ಹೋಗುವುದು. ಆಗ ಗಾಳಿಯ ಒತ್ತಡ ಇಳಿಯುತ್ತಿರುತ್ತದೆ. ತುಂಬಾ ಫೋನ್‌ಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಆ್ಯಪ್ ಹಾಕಿಕೊಂಡು ಗಂಟೆಗೊಮ್ಮೆ ಬರೆದಿಡಿ. ಇಳಿಯುತ್ತಿದ್ದ ಅಂಕಿ ಏರತೊಡಗಿ, ಗಾಳಿ ಪಶ್ಚಿಮಕ್ಕೋ ವಾಯವ್ಯಕ್ಕೋ ತಿರುಗಿದರೆ ಫ್ರಂಟ್ ದಾಟಿತು ಎಂದು ಅರ್ಥ. ಗಾಳಿಗೆ ಹೆಸರಿಡುವುದು ಅದು ಬರುವ ದಿಕ್ಕಿನಿಂದ, ಹೋಗುವ ದಿಕ್ಕಿನಿಂದಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಡಿ, ಬಾಗಿಲಿಗೆ ಒಂದು ರಿಬ್ಬನ್ ಕಟ್ಟಿದರೆ ಸಾಕು.

ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮಕ್ಕಳ ಟ್ರ್ಯಾಂಪೊಲಿನ್ ಎಲ್ಲವನ್ನೂ ಬೆಳಿಗ್ಗೆಯೇ ಕಟ್ಟಿಡಿ, ಇಲ್ಲವೇ ಒಳಗಿಡಿ.

ರಸ್ತೆಯಲ್ಲಿದ್ದರೆ

ಇದನ್ನು ದಯವಿಟ್ಟು ಎರಡು ಸಲ ಓದಿ. ಫೀನಿಕ್ಸ್‌ನಿಂದ ಟೂಸಾನ್‌ಗೆ ಹೋಗುವ ಐ-10 ಹೆದ್ದಾರಿಯ ಎರಡೂ ಬದಿಯಲ್ಲಿ ಹೊಲಗಳಿವೆ. ಬೀಳುಬಿಟ್ಟ ಹೊಲದ ಮಣ್ಣನ್ನು ಗಾಳಿ ಎಬ್ಬಿಸಿದರೆ ಎದುರಿನ ಕಾರೇ ಕಾಣುವುದಿಲ್ಲ. 2013ರ ಅಕ್ಟೋಬರ್ 29ರಂದು ಇದೇ ದಾರಿಯ ಪಿಕಾಚೋ ಪೀಕ್ ಬೆಟ್ಟದ ಹತ್ತಿರ ಇಂಥದೇ ಧೂಳಿನಲ್ಲಿ 19 ವಾಹನಗಳು ಒಂದಕ್ಕೊಂದು ಗುದ್ದಿಕೊಂಡವು. ಮೂವರು ಸತ್ತರು.

ಮುಂದೆ ಧೂಳಿನ ಗೋಡೆ ಕಂಡರೆ ಒಳಗೆ ನುಗ್ಗಬೇಡಿ. ಎಕ್ಸಿಟ್ ಸಿಕ್ಕರೆ ಇಳಿದುಬಿಡಿ. ಸಿಕ್ಕಿಹಾಕಿಕೊಂಡರೆ ಡಾಂಬರು ಬಿಟ್ಟು ಪೂರ್ತಿ ಪಕ್ಕಕ್ಕೆ ಹೋಗಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ. ಬ್ರೇಕ್ ಪೆಡಲ್ ಮೇಲಿನ ಕಾಲು ತೆಗೆಯಿರಿ. ಎಲ್ಲ ಲೈಟ್ ಆರಿಸಿ, ಮಿನುಗುವ ಎಚ್ಚರಿಕೆ ದೀಪವನ್ನೂ. ಸೀಟ್‌ಬೆಲ್ಟ್ ಬಿಚ್ಚಬೇಡಿ. ನಮ್ಮ ಊರಿನ ಅಭ್ಯಾಸಕ್ಕೆ ಇದು ಉಲ್ಟಾ, ಮಂಜಿನಲ್ಲಿ ನಾವು ಲೈಟ್ ಹಾಕುತ್ತೇವೆ. ಆದರೆ ಇಲ್ಲಿ ಹಿಂದಿನಿಂದ ಬರುವವರು ನಿಮ್ಮ ಕೆಂಪು ದೀಪ ನೋಡಿ, ಕಾರು ಓಡುತ್ತಿದೆ, ರಸ್ತೆ ಅಲ್ಲೇ ಇದೆ ಅಂದುಕೊಂಡು ನೇರ ಬಂದು ಗುದ್ದುತ್ತಾರೆ.

ಗ್ರ್ಯಾಂಡ್ ಕ್ಯಾನಿಯನ್ ನೋಡಲು ಹೊರಟಿದ್ದರೆ ಸ್ವೆಟರ್ ಮರೆಯಬೇಡಿ. ಫೀನಿಕ್ಸ್ ಇರುವುದು ಸುಮಾರು 330 ಮೀಟರ್ ಎತ್ತರದಲ್ಲಿ, ದಾರಿಯಲ್ಲಿ ಸಿಗುವ ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್. ಅದೇ ಫ್ರಂಟ್ ಅಲ್ಲಿ ಹಿಮ ಸುರಿಸಬಹುದು.

ದಾಟಿದ ಮೇಲೆ

ಗಾಳಿ ನಿಂತ ರಾತ್ರಿ ಜಾಸ್ತಿ ಚಳಿ. ಆಕಾಶ ತಿಳಿ, ಗಾಳಿ ಒಣ. ನೆಲದ ಬಿಸಿಯೆಲ್ಲ ಮೇಲೆ ಹಾರಿಹೋಗುತ್ತದೆ. ಅಕ್ಟೋಬರಿನಲ್ಲಿ ಫೀನಿಕ್ಸ್‌ನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವುದಿಲ್ಲ. ಆದರೆ ಇಲ್ಲಿನ ಕನ್ನಡ ಮನೆಗಳ ಹಿತ್ತಿಲಲ್ಲಿ ಕುಂಡದ ಕರಿಬೇವು ಇರುತ್ತದಲ್ಲ, ಅದಕ್ಕೆ ಚಳಿ ಒಗ್ಗುವುದಿಲ್ಲ. ಕುಂಡವನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಒರಗಿಸಿಡಿ, ಹಗಲಲ್ಲಿ ಕಾದ ಗೋಡೆ ರಾತ್ರಿ ಶಾಖ ಕೊಡುತ್ತದೆ. ಡಿಸೆಂಬರಿನ ಫ್ರಂಟ್‌ಗಳು ಬರುವಾಗ ಸಂಜೆಯೇ ಹಳೆಯ ಬೆಡ್‌ಶೀಟ್ ಹೊದಿಸಿ, ಅಂಚು ನೆಲಕ್ಕೆ ತಾಗಲಿ. ಪ್ಲಾಸ್ಟಿಕ್ ಹೊದಿಸಿದರೆ ಅದು ಎಲೆಗೆ ತಾಗಬಾರದು, ತಾಗಿದ ಕಡೆಯೇ ಎಲೆ ಕಪ್ಪಾಗುತ್ತದೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊದಿಕೆ ತೆಗೆಯಿರಿ.