ಸೀಸದ ಬಾಗಿಲು ಮಾಡಿದ್ದು

ಬದಿಯಡ್ಕದ ಕಡೆ ಮರದ ಕೆಲಸ ಮಾಡುವವ ನಾನು. ಬಾಗಿಲು, ಕಪಾಟು, ದೇವರ ಮಂಟಪ ಎಲ್ಲ ಮಾಡಿದ್ದೇನೆ. ಒಂದು ಸಣ್ಣ ಆಸ್ಪತ್ರೆಯವರು ಕರೆದು, "ಎಕ್ಸ್‌ರೇ ಕೋಣೆಗೆ, ಕಿರಣ ಹೊರಗೆ ಬಾರದ ಹಾಗೆ ಸೀಸದ ಬಾಗಿಲು ಆಗ್ಬೇಕಿತ್ತು ಆಚಾರ್ರೇ" ಅಂದರು. ಬಾಗಿಲು ಬಾಗಿಲೇ ಅಲ್ವಾ ಅಂತ ಒಪ್ಪಿಕೊಂಡೆ.

ತೂಕದ ಲೆಕ್ಕ ಹಾಕಿದಾಗ ಬೆವರು ಬಂತು. ಬಾಗಿಲಿಗೆ ಕಡಿಮೆ ಅಂದರೂ 1.7 ಮಿ.ಮೀ. ಸೀಸ ಇರಬೇಕು ಅನ್ನುವುದು ಎಇಆರ್‌ಬಿಯ, ಅಂದರೆ ಮುಂಬೈಯ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ನಾವು 2 ಮಿ.ಮೀ. ಶೀಟ್ ತರಿಸಿದೆವು. ಚದರ ಅಡಿಗೆ ಎರಡು ಕಿಲೋಗೂ ಜಾಸ್ತಿ. ನಾಲ್ಕಡಿ ಅಗಲ, ಏಳಡಿ ಎತ್ತರಕ್ಕೆ ಸೀಸವೇ ಸುಮಾರು 59 ಕಿಲೋ; ಮರ, ಪ್ಲೈವುಡ್ ಬೇರೆ. ಐದು ದಪ್ಪ ಹಿಂಜ್ ಹಾಕಿದೆ.

ಗೋಡೆ ನನ್ನ ತಲೆಬಿಸಿ ಅಲ್ಲ. ಕಿರಣ ನೇರ ಬೀಳುವ ಕಡೆ 35 ಸೆಂ.ಮೀ., ಉಳಿದ ಕಡೆ 23 ಸೆಂ.ಮೀ. ಇಟ್ಟಿಗೆ ಬೇಕಂತೆ. ನಮ್ಮೂರಲ್ಲಿ ಇಟ್ಟಿಗೆ ಎಲ್ಲಿ? ಎಲ್ಲ ಕೆಂಪುಕಲ್ಲು, ಒಳಗೆ ತೂತು ತೂತು. ಅದನ್ನು ಎಂಜಿನಿಯರಿಗೇ ಬಿಟ್ಟೆ.

ಸೀಸ ನೋಡಲು ತಗಡು, ಕೈಗೆ ಒದ್ದೆ ಚರ್ಮದ ಹಾಗೆ. ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಸುರುಳಿ ಬಿಚ್ಚಿ ಕೊಡತಿಯಲ್ಲಿ ಮೆಲ್ಲ ತಟ್ಟಿ ಸಮ ಮಾಡಿದೆ. ಆಮೇಲೆ ಬರೀ ಅಂಟು ಹಾಕಿ ಪ್ಲೈವುಡ್‌ಗೆ ಕೂರಿಸಿದೆ. ಅಲ್ಲೇ ಎಡವಿದ್ದು. ಒಂದು ಬೇಸಿಗೆ ಕಳೆಯುವಾಗ ಬಾಗಿಲಿನ ಅಡಿಭಾಗಕ್ಕೆ ಹೊಟ್ಟೆ ಬಂದಿತ್ತು. ಬಿಚ್ಚಿದರೆ, ಶೀಟ್ ತನ್ನ ಭಾರಕ್ಕೆ ತಾನೇ ಜಾರಿ, ಮೇಲೆ ಒಂದು ಬೆರಳಿನಷ್ಟು ಖಾಲಿ! ಈಗ ಎರಡು ಪ್ಲೈವುಡ್ ಮಧ್ಯೆ ಸೀಸ ಇಟ್ಟು, ಅಂಚಿನುದ್ದಕ್ಕೂ ಸ್ಕ್ರೂ ಬಿಗಿದು, ಸ್ಕ್ರೂ ತಲೆಯ ಮೇಲೆ ಮತ್ತೆ ಸೀಸದ ತುಂಡು ಮುಚ್ಚುತ್ತೇನೆ. ಜೋಡಿಸುವಲ್ಲಿ ಒಂದರ ಮೇಲೊಂದು ಹತ್ತಬೇಕು, ಬಾಗಿಲಿನ ಸೀಸ ದಾರಂದದ ಸೀಸದ ಮೇಲೂ ಬರಬೇಕು.

ಇನ್ನೊಂದು ತಪ್ಪು ಅದಕ್ಕೂ ಮೊದಲೇ, ಕಿರಣ ಸೋರುತ್ತದಾ ಅಂತ ಪರೀಕ್ಷೆ ಮಾಡಿದ ದಿನವೇ ಸಿಕ್ಕಿತ್ತು. ಪರೀಕ್ಷೆಗೆ ಬಂದವರು ಮೇಜಿನ ಮೇಲೆ ನೀರು ತುಂಬಿದ ಡಬ್ಬ ಇಟ್ಟರು. ನಮ್ಮ ಮೈಯೂ ಹೆಚ್ಚುಕಡಿಮೆ ನೀರೇ, ಕಿರಣ ಅದೇ ರೀತಿ ಚೆದುರುತ್ತದೆ ಅಂತ. ಹೊರಗೆ ಮೀಟರ್ ಹಿಡಿದು ಬಾಗಿಲಿನ ಉದ್ದಗಲ ನೋಡುತ್ತಾ ಬಂದರು. ಎಲ್ಲ ಕಡೆ ಸುಮ್ಮನಿದ್ದ ಮುಳ್ಳು ಬೀಗದ ಹತ್ತಿರ ಎದ್ದಿತು. ಬೀಗ ಕೂರಿಸಲು ನಾನೇ ಸೀಸವನ್ನು ಚೌಕ ಕತ್ತರಿಸಿ ತೆಗೆದಿದ್ದೆ! "ಇಷ್ಟು ದಪ್ಪ ಸೀಸ ಹಾಕಿ ಇಲ್ಲಿ ಕಿಟಕಿ ಇಟ್ಟಿದ್ದೀರಲ್ಲ" ಅಂತ ಅವರು ನಕ್ಕರು. ಅವತ್ತೇ ಬೀಗ ಬಿಚ್ಚಿ, ಹಿಂದೆ ಸೀಸದ ತಟ್ಟೆ ಮಾಡಿ ಕೂರಿಸಿದೆ. ಎರಡನೇ ಸಲ ಮುಳ್ಳು ಅಲ್ಲಾಡಲಿಲ್ಲ.

ಕೆಲಸ ಮಾಡುವಾಗ ಎಲೆಅಡಿಕೆ ಬಿಟ್ಟಿದ್ದೆ. ಸೀಸ ಮುಟ್ಟಿದ ಕೈ ಬಾಯಿಗೆ ಹೋಗಬಾರದು. ಸೋಪು ಹಾಕಿ ತೊಳೆದೇ ಊಟ.

ಉಳಿದ ಚೂರು ನೋಡಿ ಕುಂಬಳೆಯ ಪರಿಚಯದವರೊಬ್ಬರು ಮೀನು ಹಿಡಿಯುವ ಬೀಸುಬಲೆಗೆ ಭಾರದ ಗುಂಡು ಮಾಡಲು ಕೇಳಿದರು. ಸೀಸ 327 ಡಿಗ್ರಿಗೇ ಕರಗುತ್ತದೆ, ಮನೆಯ ಒಲೆ ಸಾಕು. ಅದೇ ಹೆದರಿಕೆ. ಅಡುಗೆಮನೆಯಲ್ಲಿ ಮಕ್ಕಳ ಮುಂದೆ ಅದರ ಹೊಗೆ ಏಳುವುದು ಬೇಡ ಅಂತ ಕೊಡಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾಯಿತು. ಆ ಚೂರುಗಳೆಲ್ಲ ಮುಂದಿನ ಬಾಗಿಲಿನ ಸ್ಕ್ರೂ ತಲೆಗಳಿಗೆ ಆದವು.