ಹಳೇ ಬೋಲ್ಟ್ ರೈಫಲ್ ಕೊಳ್ತೀರಾ? ಮೊದಲು ನಳಿಗೆ ನೋಡಿ

ದಾವಣಗೆರೆ, ಚಿತ್ರದುರ್ಗ ಕಡೆಯ ಹಳೇ ಮನೆತನಗಳಲ್ಲಿ ಬೀರುವಿನೊಳಗೆ ಒಂದು .315 ರೈಫಲ್ ಇದ್ದರೆ ಅಚ್ಚರಿಯಿಲ್ಲ. ಬಾಯಿಮಾತಿನಲ್ಲಿ ತ್ರೀ ಫಿಫ್ಟೀನ್. ಪಶ್ಚಿಮ ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆಯ ಮಾಲು. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಬಂದೂಕೇ ಇದರ ಮೂಲ. ಒಂದು ಗುಂಡು ಹಾರಿದ ಮೇಲೆ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಸರಳನ್ನು, ಎತ್ತಿ ಹಿಂದಕ್ಕೆ ಎಳೆಯಬೇಕು, ಮತ್ತೆ ಮುಂದಕ್ಕೆ ತಳ್ಳಿ ಕೂರಿಸಬೇಕು. ಕೆಲಸ ನಿಧಾನ, ಆದರೆ ಕೆಡುವ ಭಾಗ ಬಹಳ ಕಮ್ಮಿ. ನಳಿಗೆ ಚೆನ್ನಾಗಿದ್ದರೆ ಇಂದಿಗೂ ಗುರಿ ತಪ್ಪದ ಬಂದೂಕು ಇದು.

ಹಳೇ ರೈಫಲ್ ಕೊಳ್ಳುವವರಿಗೆ ಈಗ ಚೌಕಾಸಿಗೆ ಜಾಗ ಇದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಮೂರನೆಯದನ್ನು ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಒಪ್ಪಿಸಬೇಕಾಯಿತು. ಕೊಳ್ಳುವವರಿಗೂ ಲೈಸೆನ್ಸ್ ಬೇಕಾದ್ದರಿಂದ ಗಿರಾಕಿಗಳು ಕಮ್ಮಿ.

ಮೊದಲು ಕಾಗದ

ಲೈಸೆನ್ಸ್ ಕೈಗೆ ಬರುವ ತನಕ ಯಾರಿಗೂ ಮುಂಗಡ ಕೊಡಬೇಡಿ. 21 ವರ್ಷ ತುಂಬಿರಬೇಕು. ನಮೂನೆ ಎ-1ರಲ್ಲಿ ಅರ್ಜಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ತೀರ್ಮಾನ, ನಡುವೆ ಪೊಲೀಸ್ ವರದಿ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ. ಅದಕ್ಕೆ ತಪ್ಪದೆ ಸೇರಿ. ಪ್ರಮಾಣಪತ್ರ ಸಿಗುತ್ತದೆ ಅನ್ನುವುದಕ್ಕಿಂತ, ಬಂದೂಕು ಹಿಡಿಯುವ ಶಿಸ್ತು ಅಲ್ಲಿ ಕೈಗೆ ಹತ್ತುತ್ತದೆ.

ನಮ್ಮ ಕಡೆಗೆ ಇನ್ನೊಂದು ಮಾತು ಸೇರಿಸಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಧಾಮ, ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಧಾಮ ಎರಡೂ ವನ್ಯಜೀವಿ ಕಾಯ್ದೆಯಡಿ ಬರುತ್ತವೆ. ಧಾಮದಿಂದ 10 ಕಿಲೋಮೀಟರ್ ಒಳಗೆ ಹೊಸ ಬಂದೂಕು ಲೈಸೆನ್ಸ್‌ಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಊರು ಆ ವ್ಯಾಪ್ತಿಯಲ್ಲಿದೆಯಾ ಅಂತ ಅರ್ಜಿ ಹಾಕುವ ಮುಂಚೆಯೇ ತಿಳಿದುಕೊಳ್ಳಿ. ಶಿಕಾರಿಯ ಆಸೆ ಇದ್ದರೆ ಅದನ್ನು ಇಲ್ಲಿಗೇ ಬಿಟ್ಟುಬಿಡಿ. ಈ ರೈಫಲ್ ಇರುವುದು ಕಾಗದದ ಗುರಿಗೆ.

.303 ರೈಫಲ್ ಅಗ್ಗಕ್ಕೆ ಕೊಡ್ತೀನಿ ಅಂತ ಯಾರಾದರೂ ಬಂದರೆ ಹತ್ತಿರ ಸೇರಿಸಬೇಡಿ. ಅದು ಸೈನ್ಯದ ತೋಟಾ ಬಳಸುವ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). .315 ಆ ಪಟ್ಟಿಯಲ್ಲಿ ಇಲ್ಲ. ಖಾಸಗಿಯಾಗಿ ಮಾರುವವರು ಜಿಲ್ಲಾಧಿಕಾರಿಗೆ ಇಲ್ಲವೇ ಠಾಣೆಗೆ ಬರೆದು ಕೊಟ್ಟು 45 ದಿನ ಕಾಯಲೇಬೇಕು. ಅಪ್ಪನ ರೈಫಲ್ ಮಗನಿಗೋ ಮಗಳಿಗೋ ಬರಬೇಕಾದರೆ ವಾರಸುದಾರರ ಲೈಸೆನ್ಸ್‌ಗೆ ಬೇರೆ ನಿಯಮವೇ ಇದೆ. ಅಪ್ಪನಿಗೆ 70 ವರ್ಷ ತುಂಬಿದ್ದರೆ ಅವರು ಇರುವಾಗಲೇ ಹೆಸರು ಸೂಚಿಸಬಹುದು.

ನಳಿಗೆಯೇ ಬೆಲೆ

ಮರಕ್ಕೆ ಪಾಲಿಶ್ ಹೊಡೆದು, ಲೋಹಕ್ಕೆ ಹೊಸದಾಗಿ ಕಪ್ಪು ಏರಿಸಿದ ರೈಫಲ್ ಕಣ್ಣಿಗೆ ಚೆಂದ ಕಾಣುತ್ತದೆ. ಅದಕ್ಕೆ ಮರುಳಾಗುವುದು, ಹಲ್ಲು ನೋಡದೆ ಕೊಂಬಿನ ಬಣ್ಣ ನೋಡಿ ಎತ್ತು ಕೊಂಡಂತೆ. ಮೈಮೇಲೆ ಗೀರು ಬಿದ್ದ, ಬಣ್ಣ ಮಾಸಿದ ರೈಫಲ್‌ನ ನಳಿಗೆ ಚೆನ್ನಾಗಿದ್ದರೆ ಅದೇ ಒಳ್ಳೇ ವ್ಯಾಪಾರ.

ಕೈಗೆ ತೆಗೆದುಕೊಂಡ ಕೂಡಲೇ ಮ್ಯಾಗಜೀನ್ ಬಿಚ್ಚಿ, ಬೋಲ್ಟ್ ತೆರೆದು, ಒಳಗೆ ತೋಟಾ ಇಲ್ಲ ಅಂತ ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಅಂಗಡಿಯವರು ಖಾಲಿ ಇದೆ ಅಂದರೂ ನೀವೇ ನೋಡಬೇಕು. ಆಮೇಲೆ ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ. ಹಿಂಬದಿಗೆ ಒಂದು ಬಿಳಿ ಕಾಗದ ಹಿಡಿದು, ಬೆಳಕಿಗೆ ತಿರುಗಿಸಿ, ತುದಿಯಿಂದ ಒಳಗೆ ನೋಡಿ. ನಳಿಗೆಯೊಳಗೆ ಸುರುಳಿ ಸುತ್ತಿದ ಗೀರುಗಳು ಕಾಣಬೇಕು. ಅವುಗಳ ಅಂಚು ಚೂಪಾಗಿರಬೇಕು. ಗುಂಡನ್ನು ತಿರುಗಿಸಿ ನೇರ ಕಳಿಸುವುದು ಆ ಅಂಚುಗಳೇ. ಅಲ್ಲಲ್ಲಿ ಕಪ್ಪು ಮಚ್ಚೆ ಕಂಡರೆ ಮೊದಲು ನಳಿಗೆ ಒರೆಸಲು ಕೇಳಿ. ಮಚ್ಚೆ ಹೋದರೆ ಬರೀ ಮಸಿ. ಹೋಗದಿದ್ದರೆ ತುಕ್ಕು ಕೊರೆದ ಗುಳಿ.

ಗುಂಡು ಕೊನೆಯದಾಗಿ ಮುಟ್ಟುವ ಜಾಗ ನಳಿಗೆಯ ತುದಿ. ಅಲ್ಲಿ ಒಂದು ಕಡೆ ಸವೆದಿದ್ದರೂ, ಸಣ್ಣ ಜಜ್ಜು ಇದ್ದರೂ ಗುಂಡು ಓರೆ ಹೋಗುತ್ತದೆ. ಒರೆಸುವ ಸರಳನ್ನು ತುದಿಯಿಂದ ತುರುಕಿ ತುರುಕಿ ಸವೆಸಿದ ರೈಫಲ್‌ಗಳು ಜಾಸ್ತಿ, ಹಾಗಾಗಿ ಬೆರಳು ಆಡಿಸಿ ನೋಡಿ.

ಬೋಲ್ಟ್ ಹಿಡಿಯ ಮೇಲಿನ ನಂಬರ್, ಮೈಮೇಲಿನ ನಂಬರ್, ಕಾಗದದ ನಂಬರ್ ಮೂರೂ ಒಂದೇ ಆಗಿರಬೇಕು. ಬೇರೆ ಬೋಲ್ಟ್ ಹಾಕಿದ್ದರೆ ತೋಟಾ ಕೂರುವ ಜಾಗದ ಅಳತೆ ಬದಲಾಗಿರಬಹುದು, ಅದು ಅಪಾಯ. ತಿಳಿದ ಗನ್‌ಸ್ಮಿತ್ ಕೈಯಲ್ಲಿ ಗೇಜ್ ಹಾಕಿಸಿ ಅಳೆಸದೆ ಒಂದು ಗುಂಡನ್ನೂ ಹಾರಿಸಬೇಡಿ. ನಂಬರ್ ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ.

ಗುರಿ ಕೂರಿಸುವುದು

ಗುರಿ ಅಭ್ಯಾಸಕ್ಕೆ ಅನುಮತಿ ಇರುವ ರೇಂಜ್‌ಗೇ ಹೋಗಬೇಕು. ತೋಟದ ಹಿಂದೆ, ಕ್ವಾರಿಯಲ್ಲಿ ಸುಮ್ನೆ ಒಂದೆರಡು ಹಾರಿಸೋಣ ಅನ್ನಬೇಡಿ. ಈ ಗುಂಡು ಒಂದೆರಡು ಕಿಲೋಮೀಟರ್ ಆಚೆಗೂ ಹೋಗಿ ಬೀಳಬಲ್ಲದು. ದುರ್ಗದ ಸುತ್ತ ಎಲ್ಲಿ ನೋಡಿದರೂ ಬಂಡೆ. ಬಂಡೆಗೆ ಬಡಿದ ಗುಂಡು ಯಾವ ದಿಕ್ಕಿಗೆ ಚಿಮ್ಮುತ್ತದೆ ಅಂತ ಯಾರೂ ಹೇಳಲಾರರು. ಮದುವೆ, ಜಾತ್ರೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದರೆ ನೆಲದಿಂದೇಳುವ ಝಳಕ್ಕೆ ಗುರಿಯೇ ಕುಣಿಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆ ಗಾಳಿ ಗುಂಡನ್ನೂ ತಳ್ಳುತ್ತದೆ. ಕಿವಿಗೆ ರಕ್ಷಣೆ ಇರಲೇಬೇಕು.

ರೈಫಲ್‌ನ ಮುಂಭಾಗವನ್ನು ಮರಳು ಚೀಲದ ಮೇಲೆ ಇಡಿ. ಮರ ಚೀಲಕ್ಕೆ ತಾಗಲಿ, ನಳಿಗೆ ತಾಗಬಾರದು. ಮೊದಲು 25 ಮೀಟರ್‌ನಿಂದ ಹೊಡೆದು ಕಾಗದದ ಮೇಲೆ ಬೀಳುವುದನ್ನು ಖಚಿತ ಮಾಡಿಕೊಳ್ಳಿ. ಆಮೇಲೆ 100 ಮೀಟರ್. ಉಸಿರು ಅರ್ಧ ಬಿಟ್ಟು ತಡೆದು, ಟ್ರಿಗರ್ ಅನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ಜಗ್ಗಿದರೆ ಕೆಟ್ಟಿತು. ಐದು ಗುಂಡು ಆಗುವ ತನಕ ಸೈಟ್ (ಗುರಿ ನೋಡಲು ನಳಿಗೆ ಮೇಲಿರುವ ಭಾಗ) ಮುಟ್ಟಬೇಡಿ. ಒಂದೊಂದು ಗುಂಡಿಗೂ ಸೈಟ್ ತಿರುಗಿಸುತ್ತಾ ಕೂತರೆ ಏನೂ ಗೊತ್ತಾಗುವುದಿಲ್ಲ.

ಐದೂ ಒತ್ತೊತ್ತಾಗಿ ಬಿದ್ದು, ಗುಂಪು ಬಲಕ್ಕೆ ಸರಿದಿದ್ದರೆ ಖುಷಿಪಡಿ, ರೈಫಲ್ ಸರಿಯಾಗಿದೆ. ಮುಂದಿನ ಸೈಟನ್ನು ಬಲಕ್ಕೇ ತುಸು ಸರಿಸಿದರೆ ಗುಂಡು ಎಡಕ್ಕೆ ಬರುತ್ತದೆ. ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಮೊದಲು ಮರಕ್ಕೆ ಬಿಗಿದ ಸ್ಕ್ರೂ ನೋಡಿ. ನಮ್ಮ ಬೇಸಿಗೆಗೆ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ನಳಿಗೆ ಬಿಸಿಯಾದಂತೆ ಗುಂಡು ಒಂದೇ ದಿಕ್ಕಿಗೆ ಸರಿಯುತ್ತಾ ಹೋದರೆ ಮರ ಎಲ್ಲೋ ನಳಿಗೆಗೆ ಒತ್ತುತ್ತಿದೆ ಎಂದರ್ಥ. ಬರೀ ಕಬ್ಬಿಣದ ಸೈಟ್‌ನಲ್ಲಿ, 100 ಮೀಟರ್‌ಗೆ, ಐದು ಗುಂಡು 10 ಸೆಂಟಿಮೀಟರ್ ಒಳಗೆ ಬಿದ್ದರೆ ಇಷ್ಟು ಹಳೇ ರೈಫಲ್‌ಗೆ ಅದು ಬಹಳ ಒಳ್ಳೇ ಗುರಿ. ಒಂದೇ ಬಗೆಯ ತೋಟಾ ಬಳಸಿ, ಕಂತೆ ಬೆರೆಸಬೇಡಿ.

ಮನೆಗೆ ಬಂದ ಮೇಲೆ

ಅದೇ ಸಂಜೆ ನಳಿಗೆ ಒರೆಸಬೇಕು, ಯಾವಾಗಲೂ ಬೋಲ್ಟ್ ಇರುವ ಕಡೆಯಿಂದ. ಹಳೇ ತೋಟಾಗಳ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ತಳದ ಭಾಗ) ಉರಿದಾಗ ಉಪ್ಪಿನ ಅಂಶ ಉಳಿಯುತ್ತದೆ. ಅದು ತೇವ ಹೀರಿ ತುಕ್ಕು ತರಿಸುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ಹಾಗಾಗಿ ಮೊದಲು ಕುದಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಗನ್ ಆಯಿಲ್ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟುಗಟ್ಟುತ್ತದೆ. ರೈಫಲ್ ಒಂದು ಬೀಗದಲ್ಲಿ, ಬೋಲ್ಟ್ ಮತ್ತು ತೋಟಾ ಇನ್ನೊಂದು ಬೀಗದಲ್ಲಿ. ಕೀಲಿ ಮಕ್ಕಳ ಕೈಗೆ ಎಟುಕಬಾರದು.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಇಡಲು ಆದೇಶ ಬರುತ್ತದೆ. ವಾರಗಟ್ಟಲೆ ಅಲ್ಲೇ ನಿಂತಿರುತ್ತದೆ, ಆದ್ದರಿಂದ ಕೊಡುವ ಮುಂಚೆ ನಳಿಗೆಗೆ ಸ್ವಲ್ಪ ಜಾಸ್ತಿಯೇ ಎಣ್ಣೆ ಹಾಕಿ. ನಂಬರ್ ಸಮೇತ ರಶೀದಿ ಕೇಳಿ ಪಡೆಯಿರಿ. ವಾಪಸ್ ತಂದ ಮೇಲೆ ಆ ಎಣ್ಣೆ ಒರೆಸದೆ ರೇಂಜ್‌ಗೆ ಒಯ್ಯಬೇಡಿ.