ಮಾವಿನ ಹೂವಿಗೆ ಜೂನ್‌ನಿಂದಲೇ ತಯಾರಿ

ಜನವರಿಯಲ್ಲಿ ಪಕ್ಕದ ಮನೆಯ ಮಾವು ಮೈತುಂಬ ಹೂ ಬಿಟ್ಟು, ನಿಮ್ಮ ಮರ ಮಾತ್ರ ಕೆಂಪು ಚಿಗುರು ಹೊತ್ತು ನಿಂತಿದ್ದರೆ ಆಗ ಮಾಡಬಹುದಾದದ್ದು ಬಹಳ ಕಡಿಮೆ. ಕೊಂಬೆಯ ತುದಿಯಲ್ಲಿ ಹೂ ಬರಬೇಕೋ ಚಿಗುರು ಬರಬೇಕೋ ಎಂಬುದು ಅದಕ್ಕೂ ಹಿಂದಿನ ಆರು ತಿಂಗಳಲ್ಲಿ ತೀರ್ಮಾನವಾಗಿರುತ್ತದೆ. ಕಾಯಿ ಇಳಿಸಿದ ಮೇಲೆ ಯಾವಾಗ ಕೊಂಬೆ ಸವರಿದಿರಿ, ಗೊಬ್ಬರ ಎಷ್ಟು ಹಾಕಿದಿರಿ, ನೀರನ್ನು ಯಾವ ತಿಂಗಳಲ್ಲಿ ನಿಲ್ಲಿಸಿದಿರಿ ಎಂಬುದೇ ಇಲ್ಲಿ ಮುಖ್ಯ. ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ಜೂನ್‌ನಿಂದ. ಇಲ್ಲಿ ಹೇಳಿರುವ ತಿಂಗಳುಗಳು ಬೆಂಗಳೂರು, ಕೋಲಾರ, ರಾಮನಗರ, ತುಮಕೂರಿನ ಹವೆಗೆ ಹೊಂದುತ್ತವೆ. ಕರಾವಳಿ, ಮಲೆನಾಡಿನಲ್ಲಿ ಮಳೆಯ ಲೆಕ್ಕ ಬೇರೆಯಾದ್ದರಿಂದ ಕೆಲವು ವಾರ ಹಿಂದುಮುಂದಾಗುತ್ತದೆ.

ಮೊದಲು ನಿಮ್ಮದು ಎಂಥ ಗಿಡ ಎಂದು ತಿಳಿದುಕೊಳ್ಳಿ

ತಿಂದು ಎಸೆದ ಓಟೆಯಿಂದ ಎದ್ದ ಗಿಡ ಹೂ ಬಿಡಲು ಆರೇಳು ವರ್ಷವಾದರೂ ಬೇಕು, ಕೆಲವು ಹತ್ತಕ್ಕೂ ಬಗ್ಗುವುದಿಲ್ಲ. ಅಂಥ ಗಿಡಕ್ಕೆ ಔಷಧಿ ಹೊಡೆದು ಪ್ರಯೋಜನವಿಲ್ಲ, ವಯಸ್ಸಾಗಬೇಕು ಅಷ್ಟೆ. ಕಸಿ ಗಿಡದ ಕಥೆ ಬೇರೆ. ಅದರ ಮೇಲ್ಭಾಗದ ಕಡ್ಡಿ ಫಲ ಕೊಟ್ಟ ಮರದ್ದಾದ್ದರಿಂದ ನೆಟ್ಟ ಮೊದಲ ಚಳಿಗಾಲಕ್ಕೇ ಹೂ ತೋರಿಸಬಹುದು. ಮೊದಲ ಮೂರು ವರ್ಷ ಆ ಹೂವನ್ನು ಉಳಿಸಬೇಡಿ. ಗೊಂಚಲು ಮೂರು ನಾಲ್ಕು ಅಂಗುಲವಾದಾಗ ಕೈಯಲ್ಲೇ ಚಿವುಟಿ. ಕಾಯಿ ಕಟ್ಟಲು ಬಿಟ್ಟರೆ ಬೇರು, ಕಾಂಡ ಬೆಳೆಯಬೇಕಾದ ಸತ್ವವೆಲ್ಲ ಅಲ್ಲಿಗೆ ಹೋಗಿ ಗಿಡ ಗಿಡ್ಡಗೆ ನಿಂತುಬಿಡುತ್ತದೆ.

ಹೊಸದಾಗಿ ನೆಡುವವರು 30×40 ಸೈಟಿನ ಮೂಲೆಯಲ್ಲಿ ಬಾದಾಮಿ (ಆಪೂಸ್) ಹಾಕುವ ಮುನ್ನ ಸ್ವಲ್ಪ ಯೋಚಿಸಿ. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡುವ ಚಾಳಿ ಅದಕ್ಕಿದೆ, ಮರವೂ ದೊಡ್ಡದಾಗುತ್ತದೆ. ಜಾಗ ಕಡಿಮೆಯಿದ್ದರೆ ದಶೇರಿ ಮತ್ತು ನೀಲಂ ಸಂಕರದ ಆಮ್ರಪಾಲಿ ವಾಸಿ, ಪ್ರತಿ ವರ್ಷ ಕಾಯಿ ಬಿಡುತ್ತದೆ, ಗಾತ್ರವೂ ಚಿಕ್ಕದು. ಅದೇ ಎರಡು ತಳಿಗಳಿಂದ ಬಂದ ಮಲ್ಲಿಕಾ ಕೂಡ ಆಗಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೈಗನ್‌ಪಲ್ಲಿ ಮತ್ತು ಬಾದಾಮಿಯನ್ನು ಸೇರಿಸಿ ಮಾಡಿದ ಅರ್ಕಾ ಅರುಣ ಕೂಡ ಕುಳ್ಳು ಜಾತಿಯೇ. ತಾರಸಿಗಾದರೆ 200 ಲೀಟರಿನ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ತಳದಲ್ಲಿ ಐದಾರು ತೂತು ಹಾಕಿ, ಕೆಂಪು ಮಣ್ಣು ಎರಡು ಪಾಲು, ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು ತುಂಬಿ. ನೆಲಕ್ಕಾದರೆ 3 ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಎರಡೂ ಕಡೆ ಕಸಿ ಕಟ್ಟಿದ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಲಿ, ಗಂಟಿನ ಕೆಳಗೆ ಬಂದ ಚಿಗುರನ್ನು ಕಂಡ ಕೂಡಲೇ ಕಿತ್ತುಹಾಕಿ. ಹಾಗೇ ಬಿಟ್ಟರೆ ಕಾಡು ಬುಡ ಕಸಿಯನ್ನು ಮೀರಿ ಬೆಳೆಯುತ್ತದೆ.

ಜೂನ್–ಜುಲೈ: ಸವರುವುದು, ಗೊಬ್ಬರ

ಕೊನೆಯ ಕಾಯಿ ಇಳಿಸಿದ ಹದಿನೈದು ದಿನದೊಳಗೆ ಕತ್ತರಿ ಹಿಡಿಯಿರಿ. ಈ ವರ್ಷ ಕಾಯಿ ಬಿಟ್ಟ ಕೊಂಬೆಗಳ ತುದಿಯನ್ನು ಅರ್ಧ ಅಡಿಯಷ್ಟು ಕತ್ತರಿಸಿ. ಒಣಗಿದ ಕಡ್ಡಿ, ಹಳೆಯ ಹೂ ಗೊಂಚಲಿನ ಒಣ ದಂಟು, ಒಂದಕ್ಕೊಂದು ಉಜ್ಜುವ ರೆಂಬೆ ಎಲ್ಲವೂ ಹೋಗಲಿ. ಎಲೆ, ಹೂವಿಗೆ ಕಪ್ಪು ಚುಕ್ಕೆ ತರುವ ಚಿಬ್ಬು ರೋಗದ ಶಿಲೀಂಧ್ರ ಉಳಿದುಕೊಳ್ಳುವುದೇ ಆ ಒಣ ಕಡ್ಡಿಗಳಲ್ಲಿ, ಮುಂದಿನ ಹೂವಿಗೆ ಹನಿ ಬಿದ್ದಾಗ ಅಲ್ಲಿಂದಲೇ ಇಳಿಯುತ್ತದೆ. ಮಧ್ಯಾಹ್ನ ಮರದ ಕೆಳಗೆ ನಿಂತರೆ ನೆಲದ ಮೇಲೆ ಅಲ್ಲಲ್ಲಿ ಬಿಸಿಲ ತುಣುಕು ಬೀಳುವಷ್ಟು ನಡುಭಾಗ ತೆರೆದಿರಬೇಕು. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೊ ಮುಲಾಮು (ಮೈಲುತುತ್ತ, ಸುಣ್ಣ ಸೇರಿಸಿದ್ದು) ಅಥವಾ ಕಾಪರ್ ಆಕ್ಸಿಕ್ಲೋರೈಡನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬಳಿಯಿರಿ.

ಆಗಸ್ಟ್ ದಾಟಿದ ಮೇಲೆ ಸವರಬೇಡಿ. ಸವರಿದ ಜಾಗದಿಂದ ಬರುವ ಚಿಗುರು ಬಲಿತು ಹೂ ಕಟ್ಟಲು ನಾಲ್ಕೈದು ತಿಂಗಳು ಬೇಕು. ದೀಪಾವಳಿಗೆ ಅಂಗಳ ಚೊಕ್ಕಟ ಮಾಡುವಾಗ ಮಾವನ್ನೂ ಕತ್ತರಿಸಿದವರಿಗೆ ಆ ವರ್ಷ ಎಲೆಯೇ ಗತಿ.

ಗೊಬ್ಬರದ ಲೆಕ್ಕ ಮರದ ವಯಸ್ಸಿನ ಮೇಲೆ. ಒಂದೊಂದು ವರ್ಷದ ವಯಸ್ಸಿಗೆ ಸುಮಾರು 160 ಗ್ರಾಂ ಯೂರಿಯಾ, 110 ಗ್ರಾಂ ಸೂಪರ್ ಫಾಸ್ಫೇಟ್, 110 ಗ್ರಾಂ ಮ್ಯುರೇಟ್ ಆಫ್ ಪೊಟ್ಯಾಷ್. ಐದು ವರ್ಷದ ಮರಕ್ಕೆ ಇದನ್ನು ಐದರಿಂದ ಗುಣಿಸಿ, ಹತ್ತು ವರ್ಷದ ಪ್ರಮಾಣಕ್ಕೆ ನಿಲ್ಲಿಸಿ, ಮರ ಇಪ್ಪತ್ತು ವರ್ಷದ್ದಾದರೂ ಅಷ್ಟೇ. ಯೂರಿಯಾ ಪೂರ್ತಿ ಮುಂಗಾರಿನಲ್ಲೇ ಮುಗಿಯಲಿ. ಪೊಟ್ಯಾಷಿನಲ್ಲಿ ಅರ್ಧ ಈಗ, ಉಳಿದರ್ಧ ಸೆಪ್ಟೆಂಬರ್‌ನಲ್ಲಿ. ಬುಡಕ್ಕೆ ಸುರಿಯುವುದರಿಂದ ಏನೂ ಸಿಗುವುದಿಲ್ಲ, ನೀರು ಗೊಬ್ಬರ ಹೀರುವ ಎಳೆ ಬೇರು ಇರುವುದು ನೆರಳಿನ ಅಂಚಿನ ಸುತ್ತ. ಅಲ್ಲಿ ಒಂದಡಿ ಅಗಲ, ಅರ್ಧ ಅಡಿ ಆಳದ ಪಾತಿ ತೆಗೆದು ಗೊಬ್ಬರ ಹಾಕಿ ಮಣ್ಣು ಮುಚ್ಚಿ. ಡ್ರಮ್ಮಿನ ಗಿಡಕ್ಕೆ ಈ ಲೆಕ್ಕ ಬೇಡವೇ ಬೇಡ, ಬೇರು ಸುಡುತ್ತದೆ. ಅದಕ್ಕೆ ಜೂನ್‌ನಲ್ಲಿ 3–4 ಕೆ.ಜಿ. ಎರೆಗೊಬ್ಬರ, ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಲೀಟರಿಗೆ 3 ಗ್ರಾಂನಂತೆ ಕರಗಿಸಿದ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿನ ಗೊಬ್ಬರ) ಸಾಕು.

ಹೊಸ ಚಿಗುರು ಅಗಲವಾಗಿ ಬಿಚ್ಚಿದ ಮೇಲೆ ಲಘು ಪೋಷಕಾಂಶದ ಒಂದು ಸಿಂಪಡಣೆ ಒಳ್ಳೆಯದು. ಹೆಸರಘಟ್ಟದ ಸಂಸ್ಥೆಯ ‘ಮ್ಯಾಂಗೋ ಸ್ಪೆಷಲ್’ ಪುಡಿಯನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ. 15 ಲೀಟರಿನ ಟ್ಯಾಂಕಿಗೆ ಎರಡು ನಿಂಬೆಹಣ್ಣಿನ ರಸ, ಒಂದು ಸ್ಯಾಶೆ ಶಾಂಪೂ ಸೇರಿಸಿ. ನಿಂಬೆ ನೀರಿನ ಕ್ಷಾರ ಇಳಿಸುತ್ತದೆ, ಶಾಂಪೂ ದ್ರಾವಣವನ್ನು ಮೇಣದಂಥ ಎಲೆಯ ಮೇಲೆ ಹರಡಿ ನಿಲ್ಲಿಸುತ್ತದೆ. ಬೋರ್‌ವೆಲ್ ನೀರಾದರೆ ನಿಂಬೆ ಮರೆಯಬೇಡಿ.

ಅಕ್ಟೋಬರ್‌ನಿಂದ ನೀರು ಬಂದ್

ಮನೆಯ ಮಾವು ಹೂ ಬಿಡದಿರಲು ದೊಡ್ಡ ಕಾರಣ ಇದು. ಮಾವಿಗೆ ಹೂವಿನ ಸೂಚನೆ ಸಿಗುವುದು ತಂಪು ರಾತ್ರಿ ಮತ್ತು ಒಣ ನೆಲದಿಂದ. ಬೆಂಗಳೂರಿನ ಡಿಸೆಂಬರ್ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ತಂಪಿಗೆ ಕೊರತೆಯಿಲ್ಲ. ಕೊರತೆಯಿರುವುದು ಒಣಗಿಗೆ. ಹಿತ್ತಲಿನ ಮಾವಿನ ಬುಡಕ್ಕೆ ಬಚ್ಚಲ ನೀರೋ ಪಾತ್ರೆ ತೊಳೆದ ನೀರೋ ವರ್ಷವಿಡೀ ಹರಿಯುತ್ತಿರುತ್ತದೆ. ಪಕ್ಕದಲ್ಲೇ ಹುಲ್ಲುಹಾಸಿದ್ದರೆ ದಿನಾ ಪೈಪು ಬೇರೆ. ತೇವ ಆರದ ಮರಕ್ಕೆ ಬೆಳೆಯುತ್ತಲೇ ಇರುವುದೇ ಸುಲಭ, ಹಾಗಾಗಿ ಚಿಗುರುತ್ತದೆ. ಹಿಂಗಾರು ಮಳೆ ನಿಂತ ಕೂಡಲೇ ಆ ನೀರನ್ನು ಬಾಳೆಗೋ ತೆಂಗಿಗೋ ತಿರುಗಿಸಿ. ನೆಲದ ಮರಕ್ಕೆ ಕಾಯಿ ಬಟಾಣಿ ಗಾತ್ರಕ್ಕೆ ಬರುವವರೆಗೆ ಒಂದು ಬಿಂದಿಗೆಯೂ ಬೇಡ. ಡ್ರಮ್ಮಿನಲ್ಲಿ ಮಾತ್ರ ಪೂರ್ತಿ ನಿಲ್ಲಿಸಿದರೆ ಗಿಡವೇ ಹೋದೀತು. ಬೆರಳನ್ನು ಮೂರು ಅಂಗುಲ ಇಳಿಸಿ ನೋಡಿ, ಒಣಗಿದ್ದರೆ ಎರಡು ಮೂರು ಲೀಟರ್ ಕೊಡಿ, ವಾರಕ್ಕೊಮ್ಮೆ ಸಾಕಾಗುತ್ತದೆ.

ಕಾಂಡಕ್ಕೆ ಮೊಳೆ ಹೊಡೆಯುವುದು, ತೊಗಟೆ ಸುತ್ತ ಕೆತ್ತುವುದು ಇವೆಲ್ಲ ಬೇಡ. ಗಾಯದ ಮೂಲಕ ಅಂಟು ಸೋರಿ, ಕಾಂಡ ಕೊರೆಯುವ ಹುಳುವಿಗೆ ದಾರಿಯಾಗುತ್ತದೆ. ತೋಟದವರು ಬುಡಕ್ಕೆ ಹಾಕುವ, ಚಿಗುರಿನ ಬೆಳವಣಿಗೆ ತಡೆಯುವ ಪ್ಯಾಕ್ಲೊಬ್ಯುಟ್ರಜೋಲ್ ಎಂಬ ರಾಸಾಯನಿಕ ಹೂ ತರಿಸುವುದು ನಿಜ. ಆದರೆ ಅದು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ, ಪ್ರಮಾಣ ತಪ್ಪಿದರೆ ಚಿಗುರು ಮುದುಡಿ ಮರ ಸೊರಗುತ್ತದೆ. ನಾಲ್ಕು ಕುಂಡ, ಕೈತೋಟ ಇರುವ ಅಂಗಳಕ್ಕೆ ಅದು ಹೇಳಿಸಿದ್ದಲ್ಲ.

ಇದಕ್ಕಿಂತ ಸೌಮ್ಯವಾದ ಉಪಾಯ ಪೊಟ್ಯಾಷಿಯಂ ನೈಟ್ರೇಟ್, ಅಂಗಡಿಯಲ್ಲಿ 13:0:45 ಎಂದು ಸಿಗುತ್ತದೆ. ಫಿಲಿಪ್ಪೀನ್ಸಿನವರು ಮೊದಲು ಹೂ ಬರಿಸಲು ಮರದ ಕೆಳಗೆ ದಿನಗಟ್ಟಲೆ ಹೊಗೆ ಹಾಕುತ್ತಿದ್ದರು. 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ರಾಮೋನ್ ಬಾರ್ಬಾ ಈ ಲವಣದ ಸಿಂಪಡಣೆಯಿಂದಲೇ ಅದು ಸಾಧ್ಯವೆಂದು ತೋರಿಸಿದರು. ನಮ್ಮ ತಳಿಗಳು ಅಲ್ಲಿನವುಗಳಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ, ಆದರೂ ನವೆಂಬರ್ ಕೊನೆಗೆ ಲೀಟರಿಗೆ 10 ಗ್ರಾಂನಂತೆ ಎಲೆ ತೊಯ್ಯುವಂತೆ ಒಮ್ಮೆ ಹೊಡೆದರೆ ನಷ್ಟವಿಲ್ಲ. ಒಂದೇ ಷರತ್ತು, ಎಲೆ ಬಲಿತಿರಬೇಕು. ತುದಿಯ ಎಲೆಯೊಂದನ್ನು ಅಂಗೈಯಲ್ಲಿಟ್ಟು ಹಿಸುಕಿ. ಹಪ್ಪಳದಂತೆ ಪಟಪಟ ಮುರಿದರೆ ಬಲಿತಿದೆ. ಮೆತ್ತಗೆ ಮಡಚಿಕೊಂಡರೆ ಇನ್ನೂ ಎಳೆಯದು, ಆಗ ಸಿಂಪಡಿಸಿದರೆ ಬರುವುದು ಮತ್ತೊಂದು ಸುತ್ತು ಚಿಗುರೇ.

ಮೊಗ್ಗು ಓದುವುದು

ಡಿಸೆಂಬರ್‌ನಲ್ಲಿ ಕೊಂಬೆಯ ತುದಿ ಹತ್ತಿರದಿಂದ ನೋಡಿ. ಸಣಕಲಾಗಿ ಚೂಪಾಗಿದ್ದರೆ ಎಲೆ ಮೊಗ್ಗು. ಉಬ್ಬಿ, ದುಂಡಗೆ, ಹೊದಿಕೆಯ ಪೊರೆಗಳು ಬಿಚ್ಚಿಕೊಳ್ಳುತ್ತಿದ್ದರೆ ಹೂವು. ಔಷಧಿ ಹೊಡೆಯುವುದಿದ್ದರೆ ಈ ಹಂತದಿಂದ ಹೂ ಅರಳುವವರೆಗಿನ ಮೂರು ನಾಲ್ಕು ವಾರದಲ್ಲೇ ಮುಗಿಸಿ.

ಮೊಗ್ಗು ಉಬ್ಬಿದಾಗ ಜಿಗಿಹುಳುವಿಗೆ ಒಂದು ಸಿಂಪಡಣೆ. ಬೆಣೆಯಾಕಾರದ, ಅಕ್ಕಿಕಾಳಿಗಿಂತ ಚಿಕ್ಕದಾದ ಕಂದು ಹುಳು ಇದು. ಕೊಂಬೆಗೆ ಕೈ ತಾಗಿಸಿದರೆ ಓರೆಯಾಗಿ ಚಂಗನೆ ಹಾರಿ ಎಲೆಗೆ ಬಡಿದು ಟಿಕ್ ಟಿಕ್ ಎನ್ನುತ್ತದೆ. ಗೊಂಚಲಿನ ರಸ ಹೀರಿ ಹೂ ಕರಗಿಸುವುದಲ್ಲದೆ ಜೇನಿನಂಥ ಅಂಟು ಸುರಿಸುತ್ತದೆ. ಎಲೆಯ ಮೇಲೆ ಬಿದ್ದ ಆ ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆಯುತ್ತದೆ. ಕಪ್ಪು ಕಂಡು ಶಿಲೀಂಧ್ರನಾಶಕ ಹೊಡೆಯುವವರೇ ಹೆಚ್ಚು, ಹುಳು ಹೋಗದೆ ಅದು ಹೋಗುವುದಿಲ್ಲ. 10,000 ಪಿಪಿಎಂ ಬೇವಿನ ಔಷಧಿ (ಅಜಾಡಿರಕ್ಟಿನ್) ಲೀಟರಿಗೆ 3 ಮಿ.ಲೀ. ಹಾಕಿ, ಗೊಂಚಲಿಗಷ್ಟೇ ಸಾಲದು, ಕಾಂಡ, ಕವಲುಗಳ ಸಂದಿಗೂ ಹೊಡೆಯಿರಿ. ಹುಳು ಅಡಗುವುದು ತೊಗಟೆಯ ಬಿರುಕಿನಲ್ಲಿ. ಹಾವಳಿ ಅತಿಯಾದರೆ ಇಮಿಡಾಕ್ಲೊಪ್ರಿಡ್ 17.8 ಎಸ್‌ಎಲ್ ಲೀಟರಿಗೆ 0.3 ಮಿ.ಲೀ., ಅದೂ ಮೊಗ್ಗಿನ ಹಂತದಲ್ಲಿ ಒಂದೇ ಬಾರಿ, ಮುಖ ಕೈ ಮುಚ್ಚಿಕೊಂಡು.

ಎರಡನೆಯದು ಬೂದಿ ರೋಗ. ರಾತ್ರಿ ಚಳಿ, ಬೆಳಗ್ಗೆ ಮಂಜು, ಹಗಲು ಮೋಡ ಸೇರಿದರೆ ಗೊಂಚಲಿಗೆ ಬಿಳಿ ಪುಡಿ ಹತ್ತಿ ಎರಡು ವಾರದಲ್ಲಿ ಹೂವೆಲ್ಲ ಒಣಗುತ್ತದೆ. ಗೊಂಚಲು ನೀಳವಾಗಿ, ಹೂ ಅರಳುವ ಮುನ್ನ ನೀರಲ್ಲಿ ಕರಗುವ ಗಂಧಕ 80 ಡಬ್ಲ್ಯೂಪಿ ಲೀಟರಿಗೆ 2–3 ಗ್ರಾಂ ಸಂಜೆ ಸಿಂಪಡಿಸಿ. ಸುಡು ಬಿಸಿಲಲ್ಲಿ ಗಂಧಕ ಹೂವನ್ನೇ ಸುಡುತ್ತದೆ. ಎಣ್ಣೆ ಅಂಶವಿರುವ ಬೇವಿನ ಔಷಧಿಯೊಂದಿಗೆ ಬೆರೆಸಿದರೂ ಅದೇ ಗತಿ, ಎರಡರ ನಡುವೆ ಎರಡು ವಾರ ಅಂತರವಿರಲಿ.

ಹೂ ಅರಳಿದ ಮೇಲೆ ಕೈ ಕಟ್ಟಿ ಕೂರಿ

ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರ ದಾಟುವ ಹೂಗಳಿರುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಕೆಲವುಗಳ ನಡುವೆ ಹಸಿರುಹಳದಿ ಗುಂಡು, ಪಕ್ಕದಲ್ಲಿ ನೇರಳೆ ತಲೆಯ ಒಂದು ಕೇಸರ ಕಾಣುತ್ತದೆ. ಕಾಯಿ ಕಟ್ಟುವುದು ಇಂಥವು ಮಾತ್ರ. ನಡುವಿನ ಗುಂಡು ಇಲ್ಲದವು ಗಂಡು ಹೂಗಳು, ಅವು ಉದುರಲೇಬೇಕು. ಬೆಳಗಿನ ಹೊತ್ತು ನೆಲದ ಮೇಲೆ ಚೆಲ್ಲಿದ ಹೂ ನೋಡಿ ಗಾಬರಿಯಾಗಿ ಔಷಧಿ ತರಲು ಓಡಬೇಡಿ. ಮಾವಿನ ಪರಾಗಸ್ಪರ್ಶದಲ್ಲಿ ಜೇನಿಗಿಂತ ನೊಣಗಳ ಪಾಲೇ ದೊಡ್ಡದು. ಈ ಹದಿನೈದಿಪ್ಪತ್ತು ದಿನ ಕೀಟನಾಶಕ ಹೊಡೆದರೆ ಸಾಯುವುದು ಅವೇ. ನೀರಿನ ಜೆಟ್ ಬೇಡ, ಬುಡಕ್ಕೂ ನೀರು ಬೇಡ. ಅಕಾಲ ಮಳೆ ಬಂದರೆ ಮಾತ್ರ ನಿಂತ ಮೇಲೆ ಕೊಂಬೆಗಳನ್ನು ಮೆಲ್ಲಗೆ ಅಲುಗಿಸಿ, ಗೊಂಚಲಿನಲ್ಲಿ ಸಿಕ್ಕ ಹನಿ, ಕೊಳೆತ ಹೂ ಜಾರಿಹೋಗಲಿ.

ಬಟಾಣಿಯಿಂದ ನಿಂಬೆ ಗಾತ್ರದವರೆಗೆ

ಹೀಚು ಬಟಾಣಿಯಷ್ಟಾದಾಗ ನೀರು ಶುರು. ತಿಂಗಳುಗಟ್ಟಲೆ ಒಣಗಿದ ಮರಕ್ಕೆ ಒಮ್ಮೆಲೇ ಹೊಂಡ ತುಂಬಿಸಿದರೆ ಹೀಚು ಉದುರುತ್ತದೆ. ಐದಾರು ವರ್ಷದ ಮರಕ್ಕೆ ಮೊದಲ ವಾರ 15 ಲೀಟರ್, ಮರುವಾರ 30, ಆಮೇಲೆ ವಾರಕ್ಕೆ 40–50. ನೆರಳಿನಗಲಕ್ಕೂ ಒಣ ಎಲೆ ಹರಡಿ, ಬುಡದಿಂದ ಒಂದು ಗೇಣು ದೂರವಿರಲಿ. ಇದೇ ಹಂತದಲ್ಲಿ ಮ್ಯಾಂಗೋ ಸ್ಪೆಷಲ್ ಮತ್ತೊಮ್ಮೆ. ಬಿಳಿ ಪುಡಿ ಇನ್ನೂ ಕಂಡರೆ ಶಿಲೀಂಧ್ರನಾಶಕ ಹೆಕ್ಸಾಕೊನಜೋಲ್ ಶೇ 5 ಲೀಟರಿಗೆ 1 ಮಿ.ಲೀ. ಉದುರುವಿಕೆ ಜೋರಾಗಿದ್ದರೆ ಶೇ 4.5ರ ಎನ್‌ಎಎ (ಕಾಯಿ ಉದುರುವುದನ್ನು ತಡೆಯುವ ಬೆಳವಣಿಗೆ ಚೋದಕ) ದ್ರಾವಣವನ್ನು 10 ಲೀಟರಿಗೆ 4 ಮಿ.ಲೀ.ನಂತೆ ಒಮ್ಮೆ ಹೊಡೆಯಬಹುದು. ಪ್ರಮಾಣ ಹೆಚ್ಚಿಸಿದರೆ ಫಲ ಉಲ್ಟಾ. ಗೊಂಚಲಿಗೆ ಒಂದೆರಡು ಕಾಯಿ ನಿಂತರೆ ಅದು ಒಳ್ಳೆಯ ಫಸಲೇ.

ಕಾಯಿ ನಿಂಬೆಗಿಂತ ದೊಡ್ಡದಾದಾಗ, ಮಾರ್ಚ್ ಕೊನೆ–ಏಪ್ರಿಲ್‌ನಲ್ಲಿ, ಹಣ್ಣುನೊಣವನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯುಜಿನಾಲ್ ಬಲೆ ಒಂದನ್ನು ನೆರಳಿನ ಕೊಂಬೆಗೆ ಆಳೆತ್ತರದಲ್ಲಿ ಕಟ್ಟಿ, ಒಳಗಿನ ತುಂಡನ್ನು ಒಂದೂವರೆ ತಿಂಗಳಿಗೊಮ್ಮೆ ಬದಲಿಸಿ. ಅದಕ್ಕೆ ಬೀಳುವುದು ಗಂಡು ಹಣ್ಣುನೊಣ ಮಾತ್ರ. ಮೊಟ್ಟೆಯಿಡುವ ಹೆಣ್ಣು ನೊಣ ಪಕ್ಕದ ಅಂಗಳದಿಂದಲೂ ಬರುತ್ತದೆ. ಕೈಗೆಟಕುವ ಕಾಯಿಗಳಿಗೆ ಎರಡು ಪದರದ ಪತ್ರಿಕೆ ಕಾಗದದ ಚೀಲ ಹಾಕಿ, ತೊಟ್ಟಿನ ಬಳಿ ಸಡಿಲವಾಗಿ ದಾರ ಕಟ್ಟಿ, ತಳದಲ್ಲಿ ನೀರಿಳಿಯಲು ಪುಟ್ಟ ತೂತು ಬಿಡಿ. ಉದುರಿದ ಕಾಯಿಯನ್ನು ದಿನಾ ಹೆಕ್ಕಿ ಎರಡಡಿ ಆಳದಲ್ಲಿ ಹೂಳಿ. ಕಾಂಪೋಸ್ಟ್ ಬುಟ್ಟಿಗೆ ಹಾಕಿದರೆ ಒಳಗಿನ ಹುಳು ಅಲ್ಲೇ ನೊಣವಾಗಿ ಎದ್ದು ಬರುತ್ತದೆ.